ಬ್ರೇಕ್ ಮೇಷ್ಟ್ರ ಉದ್ಯೋಗ

ಆ ಬೀದಿಯಲ್ಲಿ ಬ್ರೇಕ್ ಮೇಷ್ಟ್ರು ಅಂದರೆ ಗೊತ್ತಿಲ್ಲದವರಿರಲಿಲ್ಲ. ಮೂವತ್ತೊಂದು ವರ್ಷದಿಂದ ಅವರು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿ ತಮಗೆಂದೇ ಇದ್ದ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದರು. ಡಾಕ್ಟರು, ಅಂಗಡಿಯವರು, ಹೊಸದಾಗಿ ಬಂದ ಸೊಸೆಯಂದಿರು, ಅರವತ್ತು ದಾಟಿದ ಮೇಲೆ ಹುಮ್ಮಸ್ಸು ಬಂದ ಅಜ್ಜಂದಿರು, ಎಲ್ಲರೂ ಅವರಿಂದ ಬೈಸಿಕೊಂಡವರೇ. "ಬ್ರೇಕು! ಬ್ರೇಕು ಅಂದ್ನಪ್ಪಾ, ಹಾರ್ನ್ ಅಲ್ಲ!" ಎಂಬ ಕೂಗು ಕೇಳಿದರೆ ನಾಯಿಗಳೂ ರಸ್ತೆ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದವು.

ಅವರ ಒಬ್ಬಳೇ ಮಗಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. "ಇವಳು ಹುಟ್ಟುವಾಗಲೇ ಬ್ರೇಕ್ ಹಾಕ್ಕೊಂಡು ಹುಟ್ಟಿದಾಳೆ ಕಣೋ" ಅಂತ ಅಪ್ಪನ ಅಕ್ಕ ನಗುತ್ತಿದ್ದಳು. ಡಿಗ್ರಿ ಮುಗಿದು ಎರಡು ವರ್ಷವಾಗಿತ್ತು. ನೆಂಟರು ಬಂದರೆ ಹುಡುಗಿ ಅಡುಗೆಮನೆ ಸೇರುತ್ತಿದ್ದಳು, ಫೋನು ಹೊಡೆದುಕೊಂಡರೆ ನಿಲ್ಲುವವರೆಗೆ ಅದನ್ನೇ ನೋಡುತ್ತಾ ಕೂರುತ್ತಿದ್ದಳು. ಆದರೆ ಬರವಣಿಗೆಯ ಕೆಲಸ ಯಾವುದಿದ್ದರೂ ಅವಳ ಪಾಲಿನದು. ಮನೆಗೆ ಬಂದ ಅರ್ಜಿ, ನೋಟೀಸು, ವಿಮೆ ಕಾಗದ ಎಲ್ಲವೂ ಅವಳ ಮೇಜಿಗೇ ಬರುತ್ತಿದ್ದವು. ಅಪ್ಪ ಓದದೇ ಸಹಿ ಹಾಕುತ್ತಿದ್ದರು. "ಪುಟ್ಟಿ ನೋಡಿದಾಳಲ್ಲ, ಸಾಕು" ಅನ್ನುವುದು ಅವರ ಮಾತು.

ಅವರ ಸ್ವಂತ ಕಾರಿನ ವಿಮೆ ಮುಗಿಯುವ ದಿನ ಹತ್ತಿರವಾದಾಗ ಆ ಕೆಲಸವೂ ಅವಳಿಗೇ ಬಂತು. ಅಮ್ಮ ಬಟ್ಟೆ ಮಡಿಸುತ್ತಾ, "ಈ ಸಲ ಬೇರೆ ಕಂಪನಿ ನೋಡೇ. ಕಡಿಮೆಗೆ ಸಿಗುತ್ತಂತೆ" ಅಂದಳು. ಹುಡುಗಿ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಪ್ರಶ್ನೆಗೆ ಉತ್ತರ ತುಂಬಿದಳು. ಕಾರಿನ ವರ್ಷ, ನಿಲ್ಲಿಸುವ ಜಾಗ, ಓಡಿಸುವವರ ವಯಸ್ಸು. ಆಮೇಲೆ "ಉದ್ಯೋಗ" ಅಂತ ಬಂತು. ಒತ್ತಿದರೆ ಉದ್ದಕ್ಕೆ ಒಂದು ಪಟ್ಟಿ. ಅದರಲ್ಲಿ "ವಾಹನ ಚಾಲನಾ ತರಬೇತುದಾರರು" ಅಂತ ಸ್ಪಷ್ಟವಾಗಿ ಇತ್ತು. ಅದನ್ನೇ ಆರಿಸಿದಳು. ಕೆಳಗಿದ್ದ ಮೊತ್ತ ಕಾದ ಹಾಲಿನ ಹಾಗೆ ಉಕ್ಕಿ ಮೇಲೆ ಹೋಯಿತು.

ಅವಳು ಸುಮ್ಮನೆ ನೋಡಿದಳು. ಇದು ಎಂಥ ನ್ಯಾಯ? ಮೂವತ್ತೊಂದು ವರ್ಷ ಬೇರೆಯವರ ಜೀವ ಕಾಯ್ದವರಿಗೆ ಎಲ್ಲರಿಗಿಂತ ಹೆಚ್ಚು ದುಡ್ಡು! ಇಡೀ ದಿನ ರಸ್ತೆಯಲ್ಲಿ ಇರುವವರಿಗೆ ಅಪಾಯ ಜಾಸ್ತಿ ಅನ್ನುವುದು ಕಂಪನಿಯ ಲೆಕ್ಕ. ಪಟ್ಟಿಯನ್ನು ಮತ್ತೆ ಕೆಳಗೆಳೆದಳು. "ಶಿಕ್ಷಕರು" ಅಂತ ಇನ್ನೊಂದು ಸಾಲು ಕಂಡಿತು. ಊರೆಲ್ಲ ಅಪ್ಪನನ್ನು ಮೇಷ್ಟ್ರು ಅಂತಲೇ ಕರೆಯುವುದಲ್ಲವಾ? ಮೇಷ್ಟ್ರು ಅಂದರೆ ಶಿಕ್ಷಕರು. ಅದನ್ನು ಒತ್ತಿದಾಗ ಮೊತ್ತ ಸರಕ್ಕನೆ ಇಳಿಯಿತು. "ಉದ್ಯೋಗ ರಿಯಾಯಿತಿ ಸೇರಿದೆ" ಎಂಬ ಹಸಿರು ಅಕ್ಷರ ಮೂಡಿತು.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಅವಳು ಮುಂದಿನ ಪುಟಕ್ಕೆ ಹೋದಳು. ಅಪ್ಪ ಎಂದಿನಂತೆ ಓದದೇ ಸಹಿ ಹಾಕಿದರು. "ಭಲೇ, ಇಷ್ಟು ಕಡಿಮೆಗೆ ಹೇಗೆ ಸಿಕ್ತು?" ಅಂದಾಗ ಅಮ್ಮ, "ನನ್ನ ಮಗಳ ಜಾಣತನ" ಅಂದಳು. ಹುಡುಗಿ ಒಳಗೆ ಹೋದಳು.

ಏಳು ತಿಂಗಳು ಯಾವ ತಾಪತ್ರಯವೂ ಇರಲಿಲ್ಲ. ಎಂಟನೇ ತಿಂಗಳ ಒಂದು ರಜಾ ದಿನ ಅಪ್ಪ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬರುತ್ತಿದ್ದರು. ಸೈಕಲ್ಲಿನವನೊಬ್ಬ ಅಡ್ಡ ಬಂದ. ಅವನನ್ನು ಉಳಿಸಲು ಅಪ್ಪ ಕಾರು ತಿರುಗಿಸಿದರು. ಸೈಕಲ್ಲಿನವನು ಉಳಿದ, ಕಾರು ಹೋಗಿ ದೀಪದ ಕಂಬಕ್ಕೆ ಅಪ್ಪಳಿಸಿತು. ಅಮ್ಮನ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಅಪ್ಪನಿಗೆ ಗಾಯವಿರಲಿಲ್ಲ, ಕಾರಿನ ಮುಖ ಮಾತ್ರ ನಜ್ಜುಗುಜ್ಜಾಗಿತ್ತು.

ಬೀದಿಯವರಿಗೆ ಹಬ್ಬವೋ ಹಬ್ಬ. "ಮೇಷ್ಟ್ರೇ ಕಂಬ ತಬ್ಬಿಕೊಂಡ್ರೆ ಶಿಷ್ಯರ ಗತಿ ಏನ್ರೀ?" ಅಂತ ಕ್ಷೌರದಂಗಡಿಯವನು ಕೂಗಿದ. "ಕಂಬಕ್ಕೂ ಪಾಠ ಹೇಳ್ತಿದ್ದೆ ಕಣಯ್ಯಾ, ದಾರಿ ಬಿಡು ಅಂದ್ರೆ ಬಿಡಲಿಲ್ಲ" ಅಂದರು ಅಪ್ಪ. ಅವರಿಗೆ ಚಿಂತೆ ಇರಲಿಲ್ಲ. ವಿಮೆ ಇತ್ತಲ್ಲ.

ಹುಡುಗಿ ಮಾತ್ರ ವಿಮೆ ಕಾಗದ ತೆಗೆದು "ಶಿಕ್ಷಕರು" ಎಂಬ ಸಾಲನ್ನೇ ನೋಡುತ್ತಾ ಕೂತಳು.

ವಿಮೆ ಕಂಪನಿಯ ಸರ್ವೇಯರ್ ಬೆಳಗ್ಗೆ ಹತ್ತಕ್ಕೆ ಬಂದ. ಒಳ್ಳೆಯ ಮನುಷ್ಯ. ಚಪ್ಪಲಿ ಬಾಗಿಲಲ್ಲೇ ಬಿಟ್ಟ, ಅಮ್ಮನ ಹೊಲಿಗೆ ವಿಚಾರಿಸಿದ, ಕಾರಿನ ಫೋಟೋ ತೆಗೆದ. ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು, "ಯಾವ ಶಾಲೆ ಸಾರ್ ನಿಮ್ಮದು?" ಅಂದ.

"ಸ್ಟೇಷನ್ ರಸ್ತೇಲಿರೋ ಡ್ರೈವಿಂಗ್ ಸ್ಕೂಲು" ಅಂದರು ಅಪ್ಪ, ಎದೆ ಸೆಟೆಸಿಕೊಂಡು. "ಮೂವತ್ತೊಂದು ವರ್ಷ ಆಯ್ತು."

ಸರ್ವೇಯರನ ಪೆನ್ನು ನಿಂತಿತು. "ಅಲ್ಲ ಸಾರ್, ಇಲ್ಲಿ ಶಿಕ್ಷಕರು ಅಂತ ಇದೆ."

ಅಮ್ಮ ನಕ್ಕುಬಿಟ್ಟಳು. "ಮತ್ತೆ? ಮೇಷ್ಟ್ರು ಅಂದ್ರೆ ಶಿಕ್ಷಕರೇ ಅಲ್ವೇನಪ್ಪಾ?"

"ಕಂಪನಿ ಲೆಕ್ಕದಲ್ಲಿ ಅಲ್ಲಮ್ಮ. ಬೋರ್ಡಿನ ಮುಂದೆ ನಿಲ್ಲೋ ಮೇಷ್ಟ್ರು ಬೇರೆ, ಕಾರಲ್ಲಿ ಕೂರೋ ಮೇಷ್ಟ್ರು ಬೇರೆ. ಒಬ್ಬರಿಗೆ ರಿಯಾಯಿತಿ, ಇನ್ನೊಬ್ಬರಿಗೆ ಜಾಸ್ತಿ ದರ." ಅವನು ಕಾಗದ ಮಡಿಸಿದ. "ನಾನು ಇದನ್ನ ಮೇಲಕ್ಕೆ ಕಳಿಸಲೇಬೇಕು. ಆಫೀಸಿನಿಂದ ಕರೀತಾರೆ, ಹೋಗಿ ಹೇಳಿ. ಪದದ ಗೊಂದಲ ಅಂದ್ರೆ ಬಿಡಬಹುದು. ಬೇಕೂಂತ ಮಾಡಿದ್ದು ಅಂತ ಬಂದ್ರೆ ಕಷ್ಟ."

ಎಂಥ ಕಷ್ಟ ಅನ್ನುವುದನ್ನು ಡ್ರೈವಿಂಗ್ ಸ್ಕೂಲಿನ ಯಜಮಾನರು ಸುದ್ದಿ ಕೇಳಿ ಸಂಜೆ ಬಂದು ಬಿಡಿಸಿ ಹೇಳಿದರು. "ಮೇಷ್ಟ್ರೇ, ಕಾರು ಹಾಳಾಗಿ ಹೋಗ್ಲಿ ಬಿಡಿ. ಸುಳ್ಳು ಹೇಳಿದೋರು ಅಂತ ಅವರ ಪಟ್ಟಿಗೆ ಹೆಸರು ಬಿದ್ರೆ, ನೀವು ಕೂರೋ ನನ್ನ ಗಾಡಿಗಳಿಗೂ ವಿಮೆ ಕೊಡಲ್ಲ. ವಿಮೆ ಇಲ್ಲದೋರನ್ನ ನಾನು ಹೇಗೆ ಸೀಟಲ್ಲಿ ಕೂರಿಸ್ಲಿ? ಹುಷಾರಾಗಿ ಮಾತಾಡಿ."

ಅವರು ಹೋದ ಮೇಲೆ ಅಪ್ಪ ಸ್ವಲ್ಪ ಹೊತ್ತು ತಮ್ಮ ಅಂಗಾಲನ್ನು ಒತ್ತಿಕೊಳ್ಳುತ್ತಾ ಕೂತಿದ್ದರು. ಎರಡನೇ ಬ್ರೇಕ್ ಒತ್ತಿ ಒತ್ತಿ ಆ ಪಾದ ಇನ್ನೊಂದಕ್ಕಿಂತ ಅಗಲವಾಗಿತ್ತು. ಆಮೇಲೆ ಮೆಲ್ಲಗೆ ಕೇಳಿದರು. "ಪುಟ್ಟಿ, ಆ ಪಟ್ಟೀಲಿ ನನ್ನ ಕೆಲಸಕ್ಕೆ ಬೇರೆ ಹೆಸರು ಇತ್ತೇನಮ್ಮ?"

ಅದು ಹೇಳಬೇಕಾದ ಹೊತ್ತು. ಅವಳಿಗೂ ಗೊತ್ತಿತ್ತು. ಆದರೂ ಅವಳು ತಲೆ ಅಲ್ಲಾಡಿಸಿದಳು. ಇರಲಿಲ್ಲ.

"ಸರಿ ಹಾಗಾದ್ರೆ" ಅಂದರು ಅಪ್ಪ. ಮುಖ ಹಗುರವಾಯಿತು. "ಇಲ್ಲದ್ದನ್ನ ಎಲ್ಲಿಂದ ಬರೆಯೋಕಾಗುತ್ತೆ? ಹಾಗಂತಲೇ ಹೇಳೋಣ."

ಕಂಪನಿಯ ಆಫೀಸು ಮೂರನೇ ಮಹಡಿಯಲ್ಲಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಅಮ್ಮನಿಗೆ ಮೆಟ್ಟಿಲು ಹತ್ತುವುದು ಬೇಡ ಅಂತ ಮಗಳು ಜೊತೆಗೆ ಬಂದಿದ್ದಳು. ಎದುರಿಗಿದ್ದ ಅಧಿಕಾರಿಣಿಗೆ ಅವರ ಮಗಳಷ್ಟೇ ವಯಸ್ಸಿರಬೇಕು. ಎದ್ದು ನಿಂತು ಕುರ್ಚಿ ತೋರಿಸಿದಳು.

ಅಪ್ಪ ಮನೆಯಲ್ಲಿ ಹತ್ತು ಸಲ ಹೇಳಿಕೊಂಡಿದ್ದನ್ನು ಹೇಳಿದರು. "ನೋಡಮ್ಮ, ಎಲ್ಲರೂ ನನ್ನ ಮೇಷ್ಟ್ರು ಅಂತಾರೆ. ನಿಮ್ಮ ಪಟ್ಟೀಲಿ ನನ್ನ ಕೆಲಸದ ಹೆಸರೇ ಇಲ್ಲ. ಇರೋದ್ರಲ್ಲಿ ಹತ್ತಿರದ್ದನ್ನ ಹಾಕಿದೀವಿ. ಇದ್ರಲ್ಲಿ ಮೋಸ ಏನು ಬಂತು?"

ಅಧಿಕಾರಿಣಿ ಪಾಪ ಅನ್ನಿಸುವಷ್ಟು ಮೆತ್ತಗೆ ಮಾತಾಡಿದಳು. "ಪಟ್ಟೀಲಿ ಇದೆ ಸಾರ್."

"ಇಲ್ಲಮ್ಮ. ನನ್ನ ಮಗಳೇ ನೋಡಿದಾಳೆ."

ಅಧಿಕಾರಿಣಿ ಕಂಪ್ಯೂಟರನ್ನು ಅವರ ಕಡೆಗೆ ತಿರುಗಿಸಿದಳು. ಅರ್ಜಿ ತುಂಬುವಾಗ ಒತ್ತಿದ್ದೆಲ್ಲವೂ ಅಲ್ಲಿ ದಾಖಲಾಗಿತ್ತು, ಗಂಟೆ ನಿಮಿಷ ಸಮೇತ. "ಮೊದಲು ವಾಹನ ಚಾಲನಾ ತರಬೇತುದಾರರು ಅಂತ ಹಾಕಿದೀರಿ. ನಲವತ್ತು ಸೆಕೆಂಡು ಬಿಟ್ಟು ಅದನ್ನ ಶಿಕ್ಷಕರು ಅಂತ ಬದಲಾಯಿಸಿದೀರಿ. ಮರೆತು ಬರೆದದ್ದಾಗಿದ್ರೆ ನಾನೇ ಬಿಟ್ಟುಬಿಡ್ತಿದ್ದೆ ಸಾರ್. ಇದು ದರ ನೋಡ್ಕೊಂಡು ಬದಲಾಯಿಸಿರೋದು."

ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಆ ಎರಡು ಸಾಲುಗಳನ್ನು ಓದಿದರು. ಬೆರಳಿಟ್ಟು ಓದಿದರು. ಮಗಳ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ, ಕಲಿಯುವವರಿಗೆ ಬೈಯುವ ಹಾಗೆ ಆ ಮೂರನೇ ಮಹಡಿಯೇ ನಡುಗುವಂತೆ ಕೂಗಿದ್ದರೆ, ಅವಳಿಗೆ ಆಗ ಮಾತು ಬರುತ್ತಿತ್ತೇನೋ.

"ಹೌದಮ್ಮ" ಅಂದರು ಅಪ್ಪ. "ನಾನೇ ಹೇಳಿ ಬದಲಾಯಿಸಿದ್ದು. ಮಗುಗೆ ಏನೂ ಗೊತ್ತಿಲ್ಲ. ನಾನು ಹೇಳಿದ್ದನ್ನ ಬರೆದಳು ಅಷ್ಟೇ."

ಹುಡುಗಿ ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಅಧಿಕಾರಿಣಿ ಅವಳನ್ನು ಒಂದು ಗಳಿಗೆ ನೋಡಿದಳು, ಏನಾದರೂ ಹೇಳುವುದಿದೆಯಾ ಅಂತ ಕೇಳುವ ಹಾಗೆ. ಕಾದಳು. ಆಮೇಲೆ ತಪ್ಪೊಪ್ಪಿಗೆಯ ಕಾಗದ ಮುಂದಿಟ್ಟಳು. ಅಪ್ಪ ಆ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿ ಸಹಿ ಹಾಕಿದರು.

ಬಸ್ ಸ್ಟಾಪಿನ ಬೆಂಚಿನಲ್ಲಿ ಇಬ್ಬರೂ ಕೂತರು. ಒಂದು ಬಸ್ಸು ಬಂತು, ಹೋಯಿತು. ಅಪ್ಪ ಏಳಲಿಲ್ಲ.

"ವಾಹನ ಚಾಲನಾ ತರಬೇತುದಾರರು" ಅಂದರು, ಹೊಸ ಊಟದ ರುಚಿ ನೋಡುವವರ ಹಾಗೆ ನಿಧಾನವಾಗಿ. "ಎಷ್ಟು ಚೆನ್ನಾಗಿದೆ ಅಲ್ವಾ? ಮೂವತ್ತೊಂದು ವರ್ಷದಲ್ಲಿ ಒಬ್ಬರೂ ನನಗೆ ಹಾಗೆ ಅಂದಿರಲಿಲ್ಲ."

"ಅಪ್ಪಾ..."

"ಇರಲಿ ಬಿಡು ಪುಟ್ಟಿ. ನಮ್ಮ ಯಜಮಾನರು ಕೈ ಬಿಡಲ್ಲ. ಅವರ ಮಗನಿಗೆ, ಸೊಸೆಗೆ, ಬೀಗರಿಗೆ, ಎಲ್ಲರಿಗೂ ನಾನೇ ಅಲ್ವಾ ಕಲಿಸಿದ್ದು? ನಾಳೆ ಹೋಗಿ ಮಾತಾಡ್ತೀನಿ."

ಅವಳಿಗೆ ಅನ್ನಿಸಿದ್ದು ಒಂದೇ. ಅಪ್ಪ ಹೋಗುವ ಮುಂಚೆ ತಾನು ಹೋಗಬೇಕು. ಮನೆಯಲ್ಲಿ ಒಂದು ಹಾಳೆಯ ಮೇಲೆ ಎಲ್ಲ ಬರೆದಳು: ಬದಲಾಯಿಸಿದ್ದು ನಾನು, ಅಪ್ಪನಿಗೆ ಗೊತ್ತಿಲ್ಲ, ಕೇಳಿದಾಗ ಸುಳ್ಳು ಹೇಳಿದ್ದೂ ನಾನೇ. ಬೆಳಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ದಾರಿಯುದ್ದಕ್ಕೂ ಆ ಹಾಳೆಯನ್ನು ಬಾಯಿಪಾಠ ಮಾಡಿಕೊಂಡಳು.

ಡ್ರೈವಿಂಗ್ ಸ್ಕೂಲಿನ ಬಾಗಿಲು ಆಗಷ್ಟೇ ತೆರೆದಿತ್ತು. ಅವಳು ಯಜಮಾನರ ಮುಂದೆ ನಿಂತು ಹೇಳಿಯೇಬಿಟ್ಟಳು. ಮಾತು ಎರಡು ಕಡೆ ತಪ್ಪಿತು, ಆದರೂ ಒಂದನ್ನೂ ಬಿಡದೆ ಹೇಳಿದಳು. ಹುಟ್ಟಿದಾಗಿನಿಂದ ಹೊರಗಿನವರ ಮುಂದೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

ಯಜಮಾನರು ಪೂರ್ತಿ ಕೇಳಿದರು. "ನಾನು ನಂಬ್ತೀನಿ ತಾಯಿ. ನಿಮ್ಮಪ್ಪ ಅಂಥ ಕೆಲಸ ಮಾಡೋರಲ್ಲ ಅಂತ ನನಗೂ ಗೊತ್ತು." ಫೋನಿನಲ್ಲಿ ವಿಮೆ ಕಂಪನಿಯಿಂದ ಬಂದಿದ್ದ ಸಂದೇಶ ತೋರಿಸಿದರು. "ನಿನ್ನೆ ಸಾಯಂಕಾಲವೇ ಬಂತು. ಇವರನ್ನ ಕೂರಿಸಿದ್ರೆ ನನ್ನ ಆರೂ ಗಾಡಿಗೆ ವಿಮೆ ಇಲ್ಲವಂತೆ. ತಪ್ಪೊಪ್ಪಿಗೆಗೆ ಸಹಿ ಬಿದ್ದಿದೆ. ನಿನ್ನೆ ನೀನು ಕಂಪನಿಯವರ ಮುಂದೆ ಒಂದು ಮಾತು ಆಡಿದ್ದಿದ್ರೆ ಏನಾದ್ರೂ ಆಗ್ತಿತ್ತೋ ಏನೋ."

"ಈಗ ಹೋಗಿ ಹೇಳ್ತೀನಿ" ಅಂದಳು.

"ಹೇಳು. ತಂದೇನ ಉಳಿಸೋಕೆ ಮಗಳು ಸುಳ್ಳು ಹೇಳ್ತಿದಾಳೆ ಅಂತಾರೆ."

ಅವರು ಎದ್ದು ಹೊರಗೆ ನಿಂತಿದ್ದ ಕಾರಿನ ಬಾಗಿಲು ತೆಗೆದರು. ಪಕ್ಕದ ಸೀಟಿನ ಮೇಲಿದ್ದ, ಮೇಷ್ಟ್ರು ಕೂತೂ ಕೂತೂ ನಡುವೆ ತಗ್ಗು ಬಿದ್ದ ದಿಂಬನ್ನು ತಂದು ಅವಳ ಕೈಗೆ ಕೊಟ್ಟರು. "ಇದನ್ನ ಮನೇಲಿ ಕೊಟ್ಟುಬಿಡಮ್ಮ. ಅವರ ಮುಖಕ್ಕೆ ಹೇಳೋ ಧೈರ್ಯ ನನಗಿಲ್ಲ."

ಅವಳು ದಿಂಬನ್ನು ಅವುಚಿಕೊಂಡು ಬಂದ ದಾರಿಯಲ್ಲೇ ನಡೆದಳು. ಕ್ಷೌರದಂಗಡಿಯ ತಿರುವಿನಲ್ಲಿ ಅಪ್ಪ ಎದುರಾದರು. ಗಡ್ಡ ಬೋಳಿಸಿಕೊಂಡು, ನಿನ್ನೆಯದೇ ಇಸ್ತ್ರಿ ಅಂಗಿ ಹಾಕಿಕೊಂಡು, ಕೆಲಸಕ್ಕೆ ಹೊತ್ತಾಯಿತು ಅನ್ನುವ ನಡಿಗೆಯಲ್ಲಿ ಬರುತ್ತಿದ್ದರು. ಅವಳನ್ನು ಕಂಡು ನಿಂತರು. ಏನೋ ಕೇಳಲು ಹೊರಟವರು ದಿಂಬನ್ನು ನೋಡಿದರು.

ಅಪ್ಪ ದಿಂಬನ್ನು ಅವಳ ಕೈಯಿಂದ ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡರು. ರಸ್ತೆ ದಾಟುವ ಮುಂಚೆ ಅಭ್ಯಾಸಬಲದಿಂದ ಎರಡೂ ಕಡೆ ನೋಡಿದರು. ಆದರೆ ದಾಟಿ ಹೋಗಲು ಅಲ್ಲಿ ಏನೂ ಉಳಿದಿರಲಿಲ್ಲ. ಅದು ನೆನಪಾಗಿ, ಅವರು ಬೀದಿಯ ಅಂಚಿನಲ್ಲೇ ನಿಂತುಕೊಂಡರು.