ಬಿಸಿ ಓಣಿ

ಎಲೆ ಅಲುಗಾಡುತ್ತಿದೆ, ಎಸಿ ಗಾಳಿಗೆ, ಪ್ಲಾಸ್ಟಿಕ್ ಎಲೆ, ನಿನ್ನೆ ಸಂಜೆಯವರೆಗೂ ಈ ಮೂಲೆಯಲ್ಲಿ ಕಸದ ಡಬ್ಬಿ ಇತ್ತು, ಈಗ ಕುಂಡ, ಕುಂಡದೊಳಗೆ ಗಿಡ, ಯಾರೋ ಪಾಪ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿ ಹೊಳಪು ಬೇರೆ ಕೊಟ್ಟಿದ್ದಾರೆ — ಹಸಿರು ಪ್ರಶಸ್ತಿಯವರು ಹನ್ನೊಂದಕ್ಕೆ ಬರುತ್ತಾರಲ್ಲ, ಹಸಿರು ಕಾಣಬೇಕಲ್ಲ. ಇನ್ನು ಇಪ್ಪತ್ತು ನಿಮಿಷ. ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಆ ಕಾಗದ ತೊಡೆಗೆ ಒತ್ತುತ್ತದೆ, ಸಹಿ ಮಾಡಿ ಕೊಟ್ಟುಬಿಡಮ್ಮ, ಅವರು ಹೋದ ಮೇಲೆ ಕೊಟ್ಟರೂ ನಡಿಯತ್ತೆ, ಇವತ್ತು ಆಗಬೇಕು ಅಷ್ಟೆ, ಎಂದರು ಮ್ಯಾನೇಜರು, ನಾವೆಲ್ಲ ಬೆನ್ನ ಹಿಂದೆ ದಶಾಂಶ ಎಂದು ಕರೆಯುವ ಮನುಷ್ಯ, ಪೂರ್ಣ ಸಂಖ್ಯೆ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಎರಡೇ ಸಾಲಿನ ಕಾಗದ. ಘಟನೆ ನಡೆದಾಗ ಕೋಣೆಯ ಉಷ್ಣತೆ ಇಪ್ಪತ್ತೊಂಬತ್ತು ಡಿಗ್ರಿ. ಕೆಲಸಗಾರ್ತಿ ಬರುವಾಗಲೇ ಅಸ್ವಸ್ಥರಾಗಿದ್ದರು. ಕೆಳಗೆ ಖಾಲಿ ಗೆರೆ, ಅದರ ಕೆಳಗೆ ನನ್ನ ಹುದ್ದೆ, ತಂಪು ವ್ಯವಸ್ಥೆಯ ಉಸ್ತುವಾರಿ. ಆ ಗೆರೆಯ ಮೇಲೆ ನಾನು ಗೀಚಿದರೆ ತಪ್ಪೆಲ್ಲ ಅವಳ ಮೈಯದ್ದು, ಈ ಕಟ್ಟಡದ್ದು ಎಳ್ಳಷ್ಟೂ ಅಲ್ಲ, ಮತ್ತೆ ಅವಳಿಗೆ ಈ ಬಾಗಿಲು ತೆರೆಯುವುದಿಲ್ಲ. ಕೆಲಸಗಾರ್ತಿಯಂತೆ. ನನ್ನ ಒಡಹುಟ್ಟಿದ ಅಕ್ಕ ಎಂದು ಅವರಿಗೆ ಗೊತ್ತಿಲ್ಲವೆ, ಗೊತ್ತಿದೆ, ಗೊತ್ತಿದ್ದೇ ಕೊಟ್ಟಿದ್ದಾರೆ, ತಂಗಿಯೇ ಬರೆದುಕೊಟ್ಟರೆ ಮತ್ತೆ ಕೇಳುವವರು ಯಾರು.

ಮೈ ಉರಿಯುತ್ತದೆ. ಅವರ ಮೇಲೆ ಅಂದುಕೊಂಡರೆ ಸುಲಭ. ಆದರೆ ಈ ಡೇಟಾ ಸೆಂಟರಿನ ತೂತುಗಳನ್ನೆಲ್ಲ ಮುಚ್ಚಿದವಳು ನಾನು, ಮೂರು ವರ್ಷ, ಮಂಡಿಯೂರಿಕೊಂಡು, ರ‍್ಯಾಕುಗಳಲ್ಲಿ ಸರ್ವರ್ ಇಲ್ಲದ ಖಾಲಿ ಬಾಯಿಗಳಿಗೆಲ್ಲ ತಗಡು ಹೊಡೆದು, ನೆಲದಲ್ಲಿ ಕೇಬಲ್ ಇಳಿಯುವ ಕಿಂಡಿಗಳಿಗೆ ಬ್ರಷ್ಷು ಕೂರಿಸಿ, ತಂಪು ಗಾಳಿ ಒಂದು ಓಣಿಯಲ್ಲಿ, ಸರ್ವರ್‌ಗಳು ಬೆನ್ನಿನಿಂದ ಉಗುಳುವ ಬಿಸಿಗಾಳಿ ಇನ್ನೊಂದು ಓಣಿಯಲ್ಲಿ, ಒಂದಕ್ಕೊಂದು ಬೆರೆಯದ ಹಾಗೆ ಎರಡು ತುದಿಗೂ ಬಾಗಿಲು ಹಾಕಿಸಿ — ಅದು ಕೆಲಸ, ಅದು ನಿಜವಾದ ಉಳಿತಾಯ, ಮೂರು ದೊಡ್ಡ ಎಸಿಗಳನ್ನು ಪೂರ್ತಿ ಆರಿಸಿದ ದಿನ ಖುಷಿಗೆ ನನಗೆ ನಿದ್ದೆ ಬಂದಿರಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ದಶಾಂಶ ಹೇಗಾದಾರು, ಇನ್ನೊಂದರ್ಧ ಡಿಗ್ರಿ ಏರಕ್ಕೆ ಬಿಡಮ್ಮ, ಸರ್ವರ್‌ಗೆ ಏನೂ ಆಗಲ್ಲ, ಇಪ್ಪತ್ತನಾಲ್ಕು, ಇಪ್ಪತ್ತಾರು, ಇಪ್ಪತ್ತೊಂಬತ್ತು, ಸೆಕೆಗೆ ಸರ್ವರ್ ಒಳಗಿನ ಪುಟ್ಟ ಫ್ಯಾನುಗಳೆಲ್ಲ ಹುಚ್ಚು ಹಿಡಿದಂತೆ ತಿರುಗತೊಡಗಿದವು, ಆ ಕರೆಂಟು ಬರೆಯುವುದು ಸರ್ವರ್‌ಗಳ ಪಾಲಿಗೆ, ತಂಪಿನ ಪಾಲಿಗಲ್ಲ, ಕಾಳಿನ ತೂಕಕ್ಕೆ ಕಲ್ಲನ್ನೂ ಸೇರಿಸಿದ ಹಾಗೆ, ಒಟ್ಟು ಮೀಟರು ಏರಿತು, ಪ್ರಶಸ್ತಿಗೆ ಕಳಿಸುವ ಅನುಪಾತ, ಒಟ್ಟು ಕರೆಂಟನ್ನು ಸರ್ವರ್‌ಗಳ ಕರೆಂಟಿನಿಂದ ಭಾಗಿಸಿದ್ದು, ಕಡಿಮೆಯಾದಷ್ಟೂ ಒಳ್ಳೆಯದು, ಅದು ಮಾತ್ರ ಇಳಿಯಿತು. ನಾನು ಅದನ್ನು ತೋರಿಸಿದೆ. ಅವರು ನಕ್ಕರು. ಒಟ್ಟು ಎಷ್ಟು ಅಂತ ಯಾರೂ ಕೇಳಲ್ವಲ್ಲಮ್ಮ. ನಾನೂ ನಕ್ಕೆನೆ? ನಕ್ಕೆ. ಹಲ್ಲು ಕಿರಿದು ನಿಂತೆ. ಆಮೇಲೆ ಸೆನ್ಸರು — ಬೇಡ, ಅದನ್ನು ಈಗ ಬೇಡ — ಮುಂದಿನ ತಂಪು ಓಣಿಯಲ್ಲಿ ಉಷ್ಣತೆ ಅಳೆಯುವ ಸೆನ್ಸರು ಸಾಲದೆ ಬಂದಾಗ ಹೊಸದು ತರಿಸಲು ಬರೆಯಬೇಕಿತ್ತು, ಬರೆದರೆ ಎರಡು ತಿಂಗಳು, ಬಿಸಿ ಓಣಿಯಲ್ಲಿ ಒಂದಿತ್ತು, ಒಂದೇ ಒಂದು, ಅಲ್ಲಿ ಅಳೆದು ಏನು ಪ್ರಯೋಜನ, ಸರ್ವರ್ ಉಸಿರೆಳೆಯುವುದು ಮುಂದಿನಿಂದ ತಾನೆ, ಎಂದು ನಾನೇ ಏಣಿ ಹತ್ತಿ ಅದನ್ನು ಬಿಚ್ಚಿ ಮುಂದೆ ಕಟ್ಟಿದೆ. ಯಾರೂ ಹೇಳಿರಲಿಲ್ಲ. ದಶಾಂಶವೂ ಹೇಳಿರಲಿಲ್ಲ. ಯಂತ್ರದ ಮೂಗಿಗೆ ಮೂವತ್ತೆರಡು ಮಾಪಕ, ಅದರ ಬೆನ್ನ ಹಿಂದೆ ನಿಂತು ಕೆಲಸ ಮಾಡುವವರಿಗೆ ಒಂದೂ ಇಲ್ಲ.

ಬೆನ್ನ ಹಿಂದೆ ನಿಲ್ಲುವವಳು ಅಕ್ಕ. ಕೇಬಲ್‌ಗಳೆಲ್ಲ ಹಿಂದುಗಡೆಯೇ ಚುಚ್ಚುವುದು, ಹದಿನಾಲ್ಕು ವರ್ಷದಿಂದ ಅವಳದು ಅದೇ ಕೆಲಸ, ಈ ಕಟ್ಟಡಕ್ಕೆ ಬಾಗಿಲೂ ಇಲ್ಲದ ಕಾಲದಲ್ಲಿ ಬಂದವಳು, ನನ್ನನ್ನು ಕೈ ಹಿಡಿದು ಕರೆತಂದವಳು, ನನ್ನ ತಂಗಿ ಸರ್, ಓದಿದ್ದಾಳೆ, ನನ್ನ ಹಾಗಲ್ಲ. ಕೇಬಲ್ ನಂಬರಿನ ಲೇಬಲ್‌ಗಳನ್ನು ಹತ್ತು ಹತ್ತಾಗಿ ಬಿಡಿಸಿ ಎಡ ಮುಂಗೈಗೆ ಅಂಟಿಸಿಕೊಳ್ಳುತ್ತಾಳೆ, ಪ್ರತಿ ಸಲ ಹಾಳೆಗೆ ಬಗ್ಗುವುದು ತಪ್ಪುತ್ತದಂತೆ, ಮುಂಗೈಯಿಂದ ಕಿತ್ತು ಕೇಬಲ್ಲಿಗೆ, ಕಿತ್ತು ಕೇಬಲ್ಲಿಗೆ, ಒಂದೂ ಸೊಟ್ಟಗಿರುವುದಿಲ್ಲ, ಮನೆಯಲ್ಲಿ ಡಬ್ಬಿಗಳ ಮುಚ್ಚಳಕ್ಕೂ ಅಂಟಿಸಿ ಭಾವನಿಂದ ಬೈಸಿಕೊಂಡಿದ್ದಾಳೆ. ಮಂಗಳವಾರ ಬೆಳಿಗ್ಗೆ ನನ್ನ ಕೋಣೆಗೆ ಬಂದು ನೀರು ಕುಡಿದಳು, ನಿಂತೇ ಕುಡಿದಳು, ಲೋಟ ಇಟ್ಟು, ಒಳಗೆ ಒಲೆ ಹಚ್ಚಿದ್ದೀಯೇನೇ, ಎಂದಳು. ಬೆಂದು ಹೋಗ್ತಿದೀನಿ ಕಣೆ. ನಾನು ಕುರ್ಚಿ ತಿರುಗಿಸಿ ಕಂಪ್ಯೂಟರಿನ ತೆರೆ ತೋರಿಸಿದೆ, ಮೂವತ್ತೆರಡು ಚೌಕ, ಮೂವತ್ತೆರಡೂ ಹಸಿರು, ನೋಡು ಇಪ್ಪತ್ತೊಂಬತ್ತು, ಸುಮ್ನೆ ಆಡ್ತೀಯ. ನೋಡಿದಳು. ಎಷ್ಟು ಹೊತ್ತು ನೋಡಿದಳು. ಹಾಗಾದ್ರೆ ನನಗೇ ವಯಸ್ಸಾಯ್ತು ಅನ್ಸತ್ತೆ, ಎಂದು ಒಳಗೆ ಹೋದಳು. ತನ್ನ ಮೈಯನ್ನು ನಂಬಲಿಲ್ಲ, ನನ್ನ ತೆರೆಯನ್ನು ನಂಬಿದಳು, ಓದಿದವಳಲ್ಲವೆ ನಾನು, ಅವಳ ಮೇಲೂ ಕೋಪ ಬರುತ್ತದೆ, ಒಂದು ಮಾತು ಜಗಳ ಆಡಬಾರದಿತ್ತೆ, ಚಿಕ್ಕಂದಿನಲ್ಲಿ ಬಾಚಣಿಗೆಗೆ ಜುಟ್ಟು ಹಿಡಿದು ಜಗಳ ಆಡಿದವಳು, ಅವತ್ತು ಯಾಕೆ ಬಾಯಿ ಮುಚ್ಚಿಕೊಂಡು ಹೋದಳು. ಎರಡು ಗಂಟೆ ಕಳೆದ ಮೇಲೆ ಕಾವಲಿನವನು ಓಡಿ ಬಂದ, ನನ್ನ ಕುರ್ಚಿಯಿಂದ ಇಪ್ಪತ್ತು ಹೆಜ್ಜೆ ಆಚೆ ಅವಳು ಬಿದ್ದಿದ್ದಳು, ನಾನು ಓಡುವಾಗಲೂ ತೆರೆ ಹಸಿರು. ಆಸ್ಪತ್ರೆಯಲ್ಲಿ ನರ್ಸಮ್ಮ ತೋಳು ಎತ್ತಿ ಕೇಳಿದರು, ಇದೇನು ಇವರ ಕೈ ಮೇಲೆ ನಂಬರು. ನಾಲ್ಕು ಉಳಿದಿದ್ದವು. ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಗಟ್ಟಿಯಾಗಿ ಅಂಟಿದ್ದವು. ಬೆವರಿದ್ದರೆ ಉದುರಿಹೋಗುತ್ತಿದ್ದವು, ಬೆವರೇ ನಿಂತುಹೋಗಿತ್ತು, ಮೈ ಕಾದ ಹಂಚಿನ ಹಾಗೆ ಒಣಗಿತ್ತು, ಅದೇ ಅಪಾಯ ಎಂದರು ಡಾಕ್ಟರು. ಈಗ ಕಣ್ಣು ತೆರೆಯುತ್ತಾಳೆ, ಭಾವನನ್ನು ಗುರುತಿಸುತ್ತಾಳೆ, ನನ್ನನ್ನು ಒಮ್ಮೆ ಗುರುತಿಸುತ್ತಾಳೆ ಒಮ್ಮೆ ಇಲ್ಲ, ಮಾತು ತೊದಲುತ್ತದೆ, ಎಡಗೈಯ ಖಾಲಿ ಜಾಗವನ್ನು ಬಲಗೈ ಬೆರಳಿನಿಂದ ಕೀಳುತ್ತಲೇ ಇರುತ್ತಾಳೆ. ಭಾವ ನನ್ನ ಮುಖ ನೋಡದೆ ಕೇಳಿದರು. ನೀನು ಅಲ್ಲೇ ಇದ್ಯಲ್ಲಮ್ಮ, ನಿನಗೂ ಗೊತ್ತಾಗಲಿಲ್ವಾ. ಬೈದಿದ್ದರೆ ಚೆನ್ನಾಗಿತ್ತು.

ಪ್ರಶಸ್ತಿಯವರು ಬಂದರು, ಮೂವರು, ಬೂಟಿನ ಮೇಲೆ ನೀಲಿ ಚೀಲ ಹಾಕಿಕೊಂಡು ಬಾತುಕೋಳಿಗಳ ಹಾಗೆ, ದಶಾಂಶ ಮುಂದೆ ಮುಂದೆ, ನಾನು ಹಿಂದೆ, ತಂಪು ಓಣಿಯಲ್ಲಿ ಎಲ್ಲರಿಗೂ ಖುಷಿ, ಅನುಪಾತ ಹೇಳಮ್ಮ ಎಂದರು, ಹೇಳಿದೆ, ಒಬ್ಬರು ಬರೆದುಕೊಂಡರು, ಒಬ್ಬರು ನನ್ನ ಬೆನ್ನು ತಟ್ಟಿದರು, ಆ ಕೈಯನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಕನ್ನಡಕದ ಹಿರಿಯ ಹೆಂಗಸು ಮಾತ್ರ ಬಿಸಿ ಓಣಿಯ ಬಾಗಿಲಿನತ್ತ ಕೈ ತೋರಿಸಿ ಕೇಳಿದರು, ಇದರ ಒಳಗೆ ಜನ ಕೆಲಸ ಮಾಡ್ತಾರಾ. ಇಲ್ಲ ಮೇಡಂ, ಇಲ್ಲಿಗೆ ಜನ ಬರೋದೇ ಇಲ್ಲ, ಎಂದರು ದಶಾಂಶ, ಒಂದು ಕ್ಷಣವೂ ತಡವರಿಸಲಿಲ್ಲ, ಹದಿನಾಲ್ಕು ವರ್ಷವನ್ನು ಹೀಗೆ ಕೈ ಬೀಸಿ ಒರೆಸಿದರು, ಒದ್ದೆ ಬಟ್ಟೆಯೂ ಬೇಕಾಗಲಿಲ್ಲ — ನನ್ನ ಕೈ ಹೋಗಿ ಬಾಗಿಲು ಎಳೆದಿದೆ, ಬನ್ನಿ ಮೇಡಂ ಒಳಗೆ, ಎಂದವಳು ನಾನೇ, ಬಿಸಿ ಮುಖಕ್ಕೆ ಹೊಡೆಯಿತು, ಅವರ ಕನ್ನಡಕ ಕೆಳಗೆ ಜಾರಿತು, ನಡುವಿಗೆ ಕಟ್ಟಿದ ಕೈಮಾಪಕವನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ, ಮೂವತ್ತೈದು, ನಲವತ್ತು, ಏರುತ್ತಿದೆ, ಏನಮ್ಮ ಇದು, ಹೊರಗೆ ಬಾ, ಎಂದು ದಶಾಂಶ ಬಾಗಿಲಲ್ಲೇ ನಿಂತು ಪಿಸುಗುಟ್ಟುತ್ತಿದ್ದಾರೆ, ಒಳಗೆ ಕಾಲಿಡುತ್ತಿಲ್ಲ, ನಲವತ್ತಾರು, ನಿಂತಿತು. ಇದನ್ನು ಅಳೆಯೋ ಸೆನ್ಸರ್ ಇಲ್ಲಿ ಇತ್ತು ಮೇಡಂ, ತೆಗೆದವಳು ನಾನು. ಅಂದೆನೆ, ಬಾಯಿಬಿಟ್ಟು ಅಂದೆನೆ, ಅಂದೆ, ಹೋಗಲಿ, ನನ್ನ ಕೆಲಸವೂ ಹೋಗಲಿ, ಜೇಬಿನ ಕಾಗದ ಬೆವರಿಗೆ ಒದ್ದೆಯಾಗುತ್ತಿದೆ, ಆಗಲಿ, ಅದಕ್ಕೆ ಇನ್ನು ನನ್ನ ಸಹಿ ಸಿಗುವುದಿಲ್ಲ. ಆ ಹೆಂಗಸು ರ‍್ಯಾಕಿನ ಹತ್ತಿರ ಬಗ್ಗಿದ್ದಾರೆ, ನೀಲಿ ಕೇಬಲ್‌ಗಳ ಸಾಲು, ಒಂದೊಂದಕ್ಕೂ ಬಿಳಿ ಲೇಬಲ್, ಮೂವತ್ನಾಲ್ಕು, ಮೂವತ್ತೈದು, ಮೂವತ್ತಾರು, ಸ್ವಲ್ಪ ಸೊಟ್ಟಗಿದೆ ಮೂವತ್ತಾರು, ಅವಳು ಯಾವತ್ತೂ ಸೊಟ್ಟಗೆ ಅಂಟಿಸಿದವಳಲ್ಲ, ಆಗಲೇ ಕಣ್ಣಿಗೆ ಕತ್ತಲೆ ಬಂದಿತ್ತೆ, ಆಗಲೂ ತನಗೆ ವಯಸ್ಸಾಯಿತು ಅಂದುಕೊಂಡಳೆ. ಮುಂದಿನ ಕೇಬಲ್ಲಿಗೆ ಏನೂ ಇಲ್ಲ. ಇದಕ್ಕೆ ಯಾಕೆ ನಂಬರ್ ಇಲ್ಲ, ಎಂದು ಅವರು ಕೇಳುತ್ತಿದ್ದಾರೆ, ನನ್ನನ್ನೇ ನೋಡಿ ಕೇಳುತ್ತಿದ್ದಾರೆ, ಹಾಕ್ತಾ ಇದ್ದವಳು ನನ್ನ ಅಕ್ಕ, ಇಲ್ಲೇ ಬಿದ್ದಳು, ಎನ್ನಬೇಕು, ಅನ್ನುತ್ತೇನೆ, ಅಷ್ಟು ಸುಲಭದ ಮಾತು, ಬಾಯಿ ತೆರೆದಿದ್ದೇನೆ — ಅವತ್ತು ಆಸ್ಪತ್ರೆಯಲ್ಲಿ ನರ್ಸಮ್ಮ ಉಗುರಿನಿಂದ ಅಂಚು ಎಬ್ಬಿಸಿ ಎಳೆದರು, ಚರ್ಮ ಜೊತೆಗೇ ಎದ್ದು ಬಂತು, ಬಿಳಿ ಲೇಬಲ್, ಒಣ ಮುಂಗೈ, ಮೂವತ್ತೇಳು, ಬಿಡುತ್ತಿಲ್ಲ, ಮೂವತ್ತೇಳು