ಮೇಜಿನ ಮೇಲಿನ ಕೂಲಿ

ಹೋಟೆಲಿನಲ್ಲಿ ನನ್ನ ಜೊತೆ ಬಡಿಸುವ ವರ್ನಾಳಿಗೆ ಮೂರು ದನಿಗಳಿದ್ದವು. ಲಾರಿ ಡ್ರೈವರಿಗೆ, "ಏನಪ್ಪಾ ರಾಜ, ಹೆಂಡ್ತಿ ಇನ್ನೂ ಓಡಿಹೋಗ್ಲಿಲ್ವಾ?" ಚರ್ಚಿನಿಂದ ಬಂದವರಿಗೆ, "ಇವತ್ತಿನ ಆಪಲ್ ಪೈ ನಿಮಗೋಸ್ಕರಾನೇ ಎತ್ತಿಟ್ಟೆ." ಗಾಳ ಹಾಕಿ ಬಂದವರಿಗೆ, "ನೀವು ಹಿಡಿದಿದ್ದಕ್ಕಿಂತ ನಮ್ ಪ್ಲೇಟಲ್ಲಿರೋ ಮೀನೇ ದೊಡ್ಡದು ಕಣ್ರೋ!" ಮೂರನ್ನೂ ನಾನು ಅಡುಗೆಮನೆಯಲ್ಲಿ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆ.

ನಮ್ಮ ಮಿಷಿಗನ್ ರಾಜ್ಯದಲ್ಲಿ ಬಡಿಸುವವರಿಗೆ ಹೋಟೆಲಿನವರು ಕನಿಷ್ಠ ಕೂಲಿಯ ಅರ್ಧವನ್ನೂ ಕೊಡುವುದಿಲ್ಲ. ಮಿಕ್ಕಿದ್ದು ಗಿರಾಕಿ ಮೇಜಿನ ಮೇಲೆ ಬಿಟ್ಟುಹೋಗುವ ಟಿಪ್ಸಿನಿಂದ ತುಂಬಬೇಕು. ಅದು ಸಂಬಳವಲ್ಲ, ಹಂಬಲ.

"ಪೂರ್ತಿ ಕೂಲಿ ಮಾಲೀಕರೇ ಕೊಡ್ಲಿ ಅಂತ ಮಸೂದೆ ಬಂದಿದೆ ವರ್ನಾ. ಒಳ್ಳೇದಲ್ವಾ?"

"ಹೋಗೇ, ಕಾಲೇಜು ಓದಿದೋಳೇ! ಆಮೇಲೆ ಟಿಪ್ಸ್ ಯಾರು ಇಡ್ತಾರೆ? ಮೂವತ್ತು ವರ್ಷ ನಕ್ಕೇ ಬದುಕಿದೀನಿ."

"ಜ್ವರ ಬಂದ ದಿನಾನೂ ನಗಬೇಕಲ್ಲ?"

"ನಕ್ಕರೆ ಜ್ವರ ಯಾರಿಗೆ ಕಾಣತ್ತೆ?"

ಮಾಲೀಕ ಡೆಲ್ಬರ್ಟ್‌ಗೆ ಈ ಮಾತು ಜೇನು. ಶಾಸಕರ ಸಮಿತಿ ಮಸೂದೆಯ ಬಗ್ಗೆ ಜನರ ಮಾತು ಕೇಳುವ ದಿನ ನಮ್ಮಿಬ್ಬರನ್ನೂ ವ್ಯಾನಿನಲ್ಲಿ ರಾಜಧಾನಿಗೆ ಕರೆದೊಯ್ದ. 'ನಮ್ಮ ಟಿಪ್ಸ್ ಉಳಿಸಿ' ಎಂಬ ಬಿಲ್ಲೆ, ಓದಲಿಕ್ಕೆ ತಲಾ ಒಂದು ಚೀಟಿ ಕೊಟ್ಟ. "ಅಡ್ಡ ಮಾತಾಡಿದೋರಿಗೆ ಶುಕ್ರವಾರದ ಪಾಳಿ ಇಲ್ಲ, ನೋಡ್ಕೊಳ್ಳಿ." ಶುಕ್ರವಾರವೆಂದರೆ ಕರಿದ ಮೀನಿಗೆ ಜನ ಮುಗಿಬೀಳುವ ಸಂಜೆ, ನನ್ನ ಮನೆಬಾಡಿಗೆ ಹುಟ್ಟುವುದೇ ಆವತ್ತು.

ವರ್ನಾ ಮೈಕಿನ ಮುಂದೆ ಚೀಟಿ ಬಿಡಿಸಿದಳು. ಸಮಿತಿಯ ಅಧ್ಯಕ್ಷರು ಅಕ್ಕರೆಯಿಂದಲೇ, "ಹೆದರ್ಬೇಡಮ್ಮ, ಒಂಚೂರು ನಗು," ಎಂದರು.

ನಕ್ಕಳು. ಆಮೇಲೆ ಚೀಟಿ ಮಡಚಿದಳು.

"ಹೋದ ತಿಂಗಳು ನನ್ನ ತಂಗಿ ತೀರ್ಕೊಂಡ್ಳು, ಸಾರ್. ಮನೇಲಿದ್ದಿದ್ದು ನಾವಿಬ್ರೇ. ಅವಳ ಶವಪೆಟ್ಟಿಗೆ ಪಕ್ಕ ನಿಂತ್ಕೊಂಡು ಬಂದವರಿಗೆಲ್ಲ ಹಿಂಗೇ ನಕ್ಕೆ. 'ಕಾಫಿ ಕೊಡ್ಲಾ?' ಅಂದೆ. ವರ್ನಾ ಗಟ್ಟಿಗಿತ್ತಿ ಅಂತ ಎಲ್ರೂ ಬೇಗ ಹೊರಟ್ರು. ಒಬ್ರೂ ತಬ್ಕೊಳ್ಳಲಿಲ್ಲ. ಅಳು ಬರ್ಲಿಲ್ಲ ಅಂತಲ್ಲ. ಮುಖಕ್ಕೆ ಅದರ ಅಭ್ಯಾಸ ತಪ್ಪಿಹೋಗಿತ್ತು. ನನ್ನ ಕೂಲಿ ಮಾಲೀಕ ಕೊಡ್ಲಿ. ಮುಖ ನನಗಿರ್ಲಿ."

ಆವತ್ತು ನಾನೂ ಅಲ್ಲಿದ್ದೆ. ಕಾಫಿ ಕುಡಿದು ಬೇಗ ಹೊರಟವರಲ್ಲಿ ನಾನೂ ಒಬ್ಬಳು.

ಡೆಲ್ಬರ್ಟ್ ದಡಕ್ಕನೆ ಎದ್ದು ಹೊರನಡೆದ. ವರ್ನಾ ಬಂದು ಕೂತಳು. ಬಿಲ್ಲೆ ಧರಿಸಿದ್ದ ಬೇರೆ ಹೋಟೆಲಿನ ಹೆಂಗಸರು ಒಬ್ಬೊಬ್ಬರಾಗಿ ಅತ್ತ ಸರಿದರು. ಅವಳ ಎರಡೂ ಪಕ್ಕ ಖಾಲಿ. ಅವಳು ಆ ಖಾಲಿ ಕುರ್ಚಿಗಳತ್ತಲೂ ನಗುತ್ತಿದ್ದಳು.

"ಮುಂದಿನವರು, ಲೊರೆಟಾ ಫಿಂಚ್," ಎಂದು ನನ್ನ ಹೆಸರು ಕೂಗಿದರು.

ಹಿಂದಿನ ಸಾಲಿನಿಂದ ಎದ್ದು ಬಿಲ್ಲೆ ಕಿತ್ತೆ. ಚೀಟಿಯನ್ನು ಕುರ್ಚಿಯಲ್ಲೇ ಬಿಟ್ಟೆ. ಮೈಕಿನತ್ತ ಹೋಗುವ ಮುನ್ನ ವರ್ನಾಳ ಪಕ್ಕದ ಜಾಗದಲ್ಲಿ ನನ್ನ ಕೋಟು ಇಟ್ಟೆ.

"ಯಾರಾದ್ರೂ ಕೇಳಿದ್ರೆ, ಈ ಸೀಟಿಗೆ ಆಳು ಬರ್ತಾರೆ ಅನ್ನು," ಎಂದೆ.