ಪರದೆಯ ಖಾಲಿ ಮೂಲೆ

ಟ್ಯಾಬ್ಲೆಟ್ ಮತ್ತೆ ಕಲ್ಲಾಗಿ ಕೂತಿತ್ತು. ಬಚ್ಚಲಿನ ಚಿತ್ರವನ್ನು ಒತ್ತಿ ಒತ್ತಿ ಸೋತ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ್ದರು. ಹಾಸಿಗೆ ಒದ್ದೆಯಾಗಿತ್ತು.

"ಊರಿಗೆಲ್ಲ ಪ್ರೋಗ್ರಾಂ ಬರೀತೀಯ," ಅಂದಳು ಅಮ್ಮ, ಹೊದಿಕೆ ಎಳೆಯುತ್ತ. "ಮನೇದೊಂದು ಸರಿ ಮಾಡೋಕೆ ಪುರುಸೊತ್ತಿಲ್ಲ ನಿಂಗೆ."

ಮಗಳು ಟ್ಯಾಬ್ಲೆಟ್ ಕೈಗೆತ್ತಿಕೊಂಡಳು. ಪಾರ್ಶ್ವವಾಯು ಬಡಿದು ಅಪ್ಪನ ಮಾತು ನಿಂತಾಗ ಇದರ ಪ್ರೋಗ್ರಾಂ ಬರೆದವಳು ಅವಳೇ. ಚಿತ್ರ ಒತ್ತಿದರೆ ಸಾಕು, ಅವರ ಪರವಾಗಿ ಅದು ಮಾತಾಡುತ್ತಿತ್ತು: ನೀರು ಬೇಕು, ಫ್ಯಾನ್ ಹಾಕು. ಮೊದಲ ಪರದೆಯ ಮೇಲಿನ ಮೂಲೆಯಲ್ಲಿ ತಮ್ಮನ ಮುಖವಿತ್ತು. ಕಡ್ಡಿಯಂತಿದ್ದವನಿಗೆ ಮನೆಯಲ್ಲಿ ಗುಂಡ ಅಂತ ಹೆಸರು. ಒತ್ತಿದರೆ ಅವನದೇ ದನಿ: "ಅಪ್ಪಾ, ಇಲ್ಲೇ ಇದ್ದೀನಿ, ಬಂದೆ."

ಗುಂಡ ಲಾರಿಗೆ ಸಿಕ್ಕಿ ಹೋದ ಮೇಲೆ ಅಮ್ಮನೇ ಹಟ ಹಿಡಿದಳು. "ಆ ದನಿ ತೆಗೆದುಬಿಡು. ಕೇಳಿದಾಗಲೆಲ್ಲ ಕರುಳು ಕಿತ್ತು ಬರುತ್ತೆ." ಮಗಳು ಆ ಮೂಲೆ ಖಾಲಿ ಬಿಟ್ಟು ಬೇರೊಂದು ಮೊದಲ ಪರದೆ ಮಾಡಿ, ಹಳೆಯದಕ್ಕೆ ಹೋಗುವ ದಾರಿ ಮುಚ್ಚಿದಳು, ದನಿಯನ್ನು ಇದ್ದಬದ್ದ ಕಡೆಯಿಂದೆಲ್ಲ ಅಳಿಸಿದಳು. ಟ್ಯಾಬ್ಲೆಟ್ ಕಸಿದುಕೊಂಡರೆ ಅಪ್ಪ ಗಾಬರಿಯಾಗುತ್ತಾರೆಂದು, ಪ್ರೋಗ್ರಾಂ ನಿಲ್ಲಿಸದೆ, ಅವರ ಮಗ್ಗುಲಲ್ಲೇ ಕೂತು ಮಾಡಿದ ಕೆಲಸ. ಆಮೇಲೂ ಅದನ್ನು ಯಾರೂ ಆರಿಸಿರಲಿಲ್ಲ. ಕೆಟ್ಟು ನಿಂತರೂ ತುಸು ಹೊತ್ತಿಗೆ ತಾನೇ ಚೇತರಿಸಿಕೊಳ್ಳುತ್ತಿತ್ತು.

ಇವತ್ತು ಅವಳು ಪಟ್ಟು ಹಿಡಿದು ಕೂತಳು. ತಪ್ಪು ಸಿಕ್ಕಿದಾಗ ನಾಚಿಕೆಯಾಯಿತು, ಕೆಲಸ ಕಲಿಯುವವರು ಮಾಡುವಂಥದ್ದು. ಪರದೆ ಬದಲಾದಾಗ ಹಳೆಯ ಚಿತ್ರಗಳನ್ನು ಅವಳು ತೆಗೆದೇ ಇರಲಿಲ್ಲ. ಕೊಳೆ ಹಾಸಿನ ಮೇಲೆ ಮಡಿ ಹಾಸು ಹೊದಿಸಿದ ಹಾಗೆ ಹೊಸ ಪರದೆ ಬಂದು ಮುಚ್ಚುತ್ತಿತ್ತು, ಅಷ್ಟೆ. ಅಡಿಯಲ್ಲಿ ಎಲ್ಲವೂ ಜೀವಂತವಾಗಿ ಬಿದ್ದಿದ್ದವು, ದಿನದಿನಕ್ಕೆ ಹೊರೆಯಾಗುತ್ತಿದ್ದವು. ಪರದೆ ಬಿಡುವಾಗ ಅದರದೆಲ್ಲವನ್ನೂ ತೆಗೆದುಹಾಕುವಂತೆ ಬರೆದು, ಆರಿಸಿ, ಮತ್ತೆ ಹೊತ್ತಿಸಿದಳು.

"ಬಚ್ಚಲಿಗೆ ಹೋಗಬೇಕು," ಅಂದಿತು ಟ್ಯಾಬ್ಲೆಟ್, ಬೆರಳು ತಾಗಿದ್ದೇ ತಡ.

"ಬದುಕ್ಕೊಂಡ್ವಿ," ಅಂದಳು ಅಮ್ಮ.

ಅಪ್ಪನ ಬೆರಳು ಪರದೆಯ ಮೇಲಿನ ಮೂಲೆಗೆ ಹೋಯಿತು. ಅಲ್ಲಿ ಬರೀ ಬಿಳಿ. ಒತ್ತಿದರು, ಕಾದರು, ಮತ್ತೆ ಒತ್ತಿ ಮಗಳ ಮುಖ ನೋಡಿದರು.

"ಅಲ್ಲೇನೂ ಇಲ್ಲಪ್ಪ."

ಅಮ್ಮನ ಕೈಯಲ್ಲಿದ್ದ ಹಾಸು ಹಾಗೇ ನಿಂತಿತು. "ಯಾಕಿಲ್ಲ? ದಿನಾ ಮಧ್ಯಾಹ್ನ, ನೀನು ಕೆಲಸಕ್ಕೆ ಹೋದ್ಮೇಲೆ, ಅಲ್ಲೇ ಒತ್ತಾರೆ. ಗುಂಡ ಮಾತಾಡ್ತಾನೆ. ನಾನೂ ಬಂದು ಕೂತ್ಕೋತೀನಿ." ಹಾಸು ಕೆಳಗಿಟ್ಟು ಅಂದಳು: "ನಾನು ದುಃಖದಲ್ಲಿ ಏನೋ ಅಂದ್ರೂ, ನೀನು ಮುಖ ಮಾತ್ರ ತೆಗೆದು ದನಿ ಉಳಿಸಿದ್ದೀಯ ಅಂದ್ಕೊಂಡಿದ್ದೆ."

ಮಗಳಿಗೆ ಆಗ ಹೊಳೆಯಿತು: ಖಾಲಿ ಮೂಲೆ ಒತ್ತಿದಾಗೆಲ್ಲ ಅಪ್ಪನ ಬೆರಳು ಅಡಿಯಲ್ಲುಳಿದ ಗುಂಡನ ಚಿತ್ರಕ್ಕೇ ತಾಗುತ್ತಿತ್ತು. ಎಲ್ಲ ಕಡೆಯಿಂದ ಅಳಿಸಿದ ದನಿ ಆ ಪರದೆಗಳಡಿಯಲ್ಲಿ, ಅವಳ ತಪ್ಪಿನ ದೆಸೆಯಿಂದ ಮಾತ್ರ ಇಷ್ಟು ದಿನ ಉಳಿದಿತ್ತು. ಈಗ ತಾನೇ ಕೈಯಾರೆ ಗುಡಿಸಿ ಹಾಕಿದ್ದಳು.

"ವಾಪಸ್ ಹಾಕ್ತೀಯಲ್ಲ?"

"ಇನ್ನೆಲ್ಲೂ ಇಲ್ಲಮ್ಮ."

ಅಮ್ಮ ಒದ್ದೆ ಹಾಸಿಗೆಯ ಅಂಚಿನಲ್ಲೇ ಕೂತಳು. ಅಪ್ಪನ ಬೆರಳು ಹಿಡಿದು, ಆ ಬಿಳಿ ಮೂಲೆಯಲ್ಲಿ ಒಂಚೂರು ಮೇಲಕ್ಕೆ ಸರಿಸಿ, ಒತ್ತಿದಳು.